ವೆಂಟಿಲೇಟರ್ ಮೇಲಿರುವ ಮಗುವನ್ನು ಮಳೆಗಾಲಕ್ಕೆ ಮುಂಚೆ ತೋಟದ ಮನೆಗೆ ತರಬಹುದೇ?

ಪ್ರಶ್ನೆ: ನಮ್ಮ ಮಗಳಿಗೆ ಈಗ ಹನ್ನೊಂದು ತಿಂಗಳು. ಇಪ್ಪತ್ತೇಳನೆಯ ವಾರಕ್ಕೇ ಹುಟ್ಟಿದ್ದರಿಂದ ಶ್ವಾಸಕೋಶ ಬಲಿತಿರಲಿಲ್ಲ. ಕತ್ತಿನಲ್ಲಿ ಟ್ರಕಿಯಾಸ್ಟಮಿ (ಶ್ವಾಸನಾಳಕ್ಕೆ ರಂಧ್ರ ಮಾಡಿ ಟ್ಯೂಬ್ ಇಡುವುದು) ಮಾಡಿ ವೆಂಟಿಲೇಟರ್ ಹಾಕಿದ್ದಾರೆ, ಜೊತೆಗೆ ನಿಮಿಷಕ್ಕೆ ಅರ್ಧ ಲೀಟರ್ ಆಮ್ಲಜನಕ ಬೇಕು. ಮೈಸೂರಿನ ಆಸ್ಪತ್ರೆಯವರು ಮೇ ಕೊನೆಯ ವಾರದಲ್ಲಿ ಮನೆಗೆ ಕರೆದೊಯ್ಯಬಹುದು ಎಂದಿದ್ದಾರೆ. ನಮ್ಮ ಮನೆ ಮಾದಾಪುರದ ಆಚೆ ಕಾಫಿ ತೋಟದಲ್ಲಿ, ಮುಖ್ಯ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ ಮೂವರೇ. ಮಗು ಅತ್ತರೆ ಶಬ್ದವೇ ಬರುವುದಿಲ್ಲ. ರಾತ್ರಿ ನಮಗೆ ನಿದ್ದೆ ಹತ್ತಿದರೆ ಗತಿಯೇನು ಎಂಬ ಹೆದರಿಕೆ. ಅವಳನ್ನು ಮನೆಗೆ ತರಬಹುದೇ?
— ತಾಯಿಯೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ತರಬಹುದು, ತರಲೇಬೇಕು, ಆದರೆ ಮೇ ಕೊನೆಯ ವಾರದಲ್ಲಿ ನೇರವಾಗಿ ತೋಟದ ಮನೆಗೆ ತರುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆಸ್ಪತ್ರೆಯಿಂದ ಹೊರಬರಲು ಮಗು ಸಿದ್ಧವಾಗಿರುವುದು ಬೇರೆ, ಮಗುವನ್ನು ಬರಮಾಡಿಕೊಳ್ಳಲು ಮನೆ ಸಿದ್ಧವಾಗಿರುವುದು ಬೇರೆ. ಮೊದಲನೆಯದನ್ನು ವೈದ್ಯರು ನಿರ್ಧರಿಸುತ್ತಾರೆ, ಎರಡನೆಯದನ್ನು ನೀವು ಮತ್ತು ಕೊಡಗಿನ ಮಳೆ ಸೇರಿ ನಿರ್ಧರಿಸಬೇಕಾಗುತ್ತದೆ. ಯಂತ್ರ ಬಂದ ದಿನ ಮನೆ ಸಿದ್ಧವಾಯಿತೆಂದು ಅನೇಕ ಕುಟುಂಬಗಳು ಭಾವಿಸುತ್ತವೆ. ಆದರೆ ಈ ಮಗುವನ್ನು ಉಳಿಸುವುದು ಮುಖ್ಯವಾಗಿ ಅದರ ಪಕ್ಕದಲ್ಲಿ ಎಚ್ಚರವಾಗಿ ಕುಳಿತಿರುವ, ಟ್ಯೂಬ್ ಬದಲಿಸಲು ಕಲಿತಿರುವ ಒಬ್ಬ ಮನುಷ್ಯ. ಅಮೆರಿಕದ ಎದೆರೋಗ ತಜ್ಞರ ಸಂಘ 2016ರಲ್ಲಿ ಇಂಥ ಮಕ್ಕಳ ಮನೆ ಆರೈಕೆಯ ಬಗ್ಗೆ ಹೊರತಂದ ಮಾರ್ಗಸೂಚಿಯಲ್ಲಿಯೂ, ಕುಟುಂಬದ ಕನಿಷ್ಠ ಇಬ್ಬರಿಗೆ ಪೂರ್ಣ ತರಬೇತಿ ಇರಬೇಕು ಮತ್ತು ತರಬೇತಿ ಪಡೆದ ಒಬ್ಬರು ಸದಾ ಎಚ್ಚರವಾಗಿರಬೇಕು ಎಂಬುದಕ್ಕೆ ಒತ್ತು ಕೊಡಲಾಗಿದೆ.

ನಿಮ್ಮ ಹೆದರಿಕೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಸರಿಯಾದ ಹೆದರಿಕೆ. ಕತ್ತಿನ ಟ್ಯೂಬಿನ ಮೂಲಕ ಉಸಿರಾಡುವ ಮಗುವಿನಲ್ಲಿ ಗಾಳಿ ಧ್ವನಿಪೆಟ್ಟಿಗೆಯನ್ನು ತಲಪದೆ ಕೆಳಗೇ ಹೊರಹೋಗುವುದರಿಂದ ಅಳುವಿಗೆ ಶಬ್ದವಿರುವುದಿಲ್ಲ. ಹಸಿವಾದರೂ, ಕಫ ಕಟ್ಟಿದರೂ, ಟ್ಯೂಬ್ ಜಾರಿದರೂ ಮುಖ ಕೆಂಪಾಗಿ ಬಾಯಿ ತೆರೆದುಕೊಳ್ಳುತ್ತದೆಯೇ ಹೊರತು ಕೂಗು ಕೇಳಿಸುವುದಿಲ್ಲ. ಹೀಗಾಗಿ ಪಕ್ಕದ ಕೋಣೆಯಲ್ಲಿ ಮಲಗಿ ಕಿವಿಗೊಡುವ ವ್ಯವಸ್ಥೆ ಇಲ್ಲಿ ನಡೆಯದು. ವೆಂಟಿಲೇಟರಿನ ಅಲಾರಂ ಇದೆಯಲ್ಲ ಎಂದರೆ, ಅದನ್ನೂ ಪೂರ್ತಿ ನಂಬುವಂತಿಲ್ಲ. ಇಷ್ಟು ಸಣ್ಣ ಟ್ಯೂಬಿನ ರಂಧ್ರವೇ ಗಾಳಿಗೆ ಬಹಳ ಅಡ್ಡಿಯೊಡ್ಡುವುದರಿಂದ, ಟ್ಯೂಬ್ ಕತ್ತಿನಿಂದ ಪೂರ್ತಿ ಹೊರಬಂದು ಹಾಸಿಗೆಯ ಮೇಲೆ ಬಿದ್ದಿದ್ದರೂ ಯಂತ್ರ ಒತ್ತಡ ಸರಿಯಾಗಿದೆಯೆಂದು ತಿಳಿದು ಸುಮ್ಮನಿರುವ ಸಂದರ್ಭಗಳಿವೆ. ಆದ್ದರಿಂದ ನಿದ್ದೆಯ ಹೊತ್ತಿನಲ್ಲಿ ಮತ್ತು ನಿಮ್ಮ ಕಣ್ಣು ಮಗುವಿನ ಮೇಲಿಲ್ಲದ ಪ್ರತಿ ಹೊತ್ತಿನಲ್ಲಿ ರಕ್ತದ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್ ಕಟ್ಟಿರಲೇಬೇಕು. ಬೆರಳಿಗೆ ಸಿಕ್ಕಿಸುವ ಪುಟ್ಟ ಮೀಟರ್ ಇದಕ್ಕೆ ಸಾಲದು. ಮಗುವಿನ ಪಾದಕ್ಕೆ ಸುತ್ತುವ ತಂತಿಯುಳ್ಳ, ಅಲಾರಂ ಇರುವ, ಬ್ಯಾಟರಿಯಲ್ಲಿಯೂ ನಡೆಯುವ ಯಂತ್ರ ಬೇಕು. ಎಷ್ಟಕ್ಕೆ ಇಳಿದರೆ ಅಲಾರಂ ಹೊಡೆಯಬೇಕು ಎಂಬ ಅಂಕಿಯನ್ನು ವೈದ್ಯರಿಂದ ಬರೆಯಿಸಿಕೊಳ್ಳಿ.

ನಾನು ಕಂಡ ಒಂದು ಮನೆಯಲ್ಲಿ ಮಗುವಿನ ಒಂದು ಕಾಲಿಗೆ ಆಕ್ಸಿಮೀಟರಿನ ತಂತಿಯನ್ನೂ ಇನ್ನೊಂದು ಕಾಲಿಗೆ ಗೆಜ್ಜೆಯನ್ನೂ ಕಟ್ಟಿದ್ದರು. ಕೆಲವೇ ವಾರಗಳಲ್ಲಿ ಆ ಮಗು ಕಾಲು ಝಾಡಿಸಿ ಗೆಜ್ಜೆ ಕುಲುಕಿ ತಾಯಿಯನ್ನು ಕರೆಯುವುದನ್ನು ಕಲಿತುಬಿಟ್ಟಿತ್ತು. ಅಲಾರಂಗೆ ಅದು ಬದಲಿಯಲ್ಲ, ಆದರೆ ದನಿಯಿಲ್ಲದ ಮಗುವಿಗೆ ಒಂದು ದನಿ ಸಿಕ್ಕಂತಾಯಿತು. ನೀವೂ ಕಟ್ಟಿ ನೋಡಿ.

ರಾತ್ರಿಯ ಪಾಳಿಯನ್ನು ಕಾಗದದ ಮೇಲೆ ಬರೆದೇ ಹಂಚಿಕೊಳ್ಳಬೇಕು. ಉದಾಹರಣೆಗೆ ಒಂಬತ್ತರಿಂದ ಎರಡರವರೆಗೆ ನಿಮ್ಮ ಯಜಮಾನರು, ಎರಡರಿಂದ ಏಳರವರೆಗೆ ನೀವು. ಹಗಲು ಒಬ್ಬರು ಮೂರು ಗಂಟೆ ಮಲಗುವಷ್ಟು ಬಿಡುವು ನಿಮ್ಮ ಅತ್ತೆಯವರಿಂದ ಸಿಗಬೇಕಾದರೆ, ಅವರಿಗೂ ಕಫ ಎಳೆಯುವುದನ್ನು ಮತ್ತು ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಬಳಸುವುದನ್ನು ಕಲಿಸಲೇಬೇಕು. ವಯಸ್ಸಾದವರಿಗೆ ಇದು ಆಗದು ಎಂದುಕೊಳ್ಳಬೇಡಿ. ಹತ್ತಾರು ಬಾಣಂತನ ಕಂಡ ಕೈಗಳು ನಮ್ಮ ಕಿರಿಯ ದಾದಿಯರಿಗಿಂತ ಬೇಗ ಕಲಿತದ್ದನ್ನು ನಾನು ನೋಡಿದ್ದೇನೆ. ಆದರೂ ಮೂವರಿಂದ ಇದು ತಿಂಗಳುಗಟ್ಟಲೆ ನಡೆಯುವುದು ಕಷ್ಟ. ತವರಿನ ಕಡೆಯಿಂದ ತಂಗಿಯೋ ಚಿಕ್ಕಮ್ಮನೋ ನಾಲ್ಕನೆಯವರಾಗಿ ಬಂದು ಕಲಿಯುವಂತಿದ್ದರೆ ಈಗಲೇ ಕೇಳಿ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಮಗುವಿನ ಬಣ್ಣ ಕಪ್ಪಿಟ್ಟರೆ ಅಥವಾ ಆಕ್ಸಿಮೀಟರಿನ ಅಂಕಿ ಇಳಿದರೆ ಮೊದಲು ನೋಡಬೇಕಾದದ್ದು ಮಗುವನ್ನು, ಯಂತ್ರವನ್ನಲ್ಲ. ಎದೆ ಏರುತ್ತಿದೆಯೇ? ಟ್ಯೂಬ್ ಕತ್ತಿನಲ್ಲಿದೆಯೇ? ಟ್ಯೂಬ್ ಅಲ್ಲಿಯೇ ಇದ್ದರೆ ವೆಂಟಿಲೇಟರಿನ ಕೊಳವೆಯನ್ನು ಬಿಡಿಸಿ ಆಂಬು ಬ್ಯಾಗ್ ಜೋಡಿಸಿ ಮೆಲ್ಲನೆ ಒತ್ತಿ. ಬ್ಯಾಗ್ ಹಗುರವಾಗಿ ಒತ್ತಿಕೊಂಡು, ಎದೆ ಏರಿ, ಬಣ್ಣ ಮರಳಿದರೆ ತೊಂದರೆ ಯಂತ್ರದಲ್ಲಿಯೋ ಕೊಳವೆಯಲ್ಲಿಯೋ ಇದೆ. ಅದನ್ನು ಸಾವಧಾನವಾಗಿ ಹುಡುಕಬಹುದು. ಬ್ಯಾಗ್ ಗಟ್ಟಿಯಾಗಿದ್ದು ಒತ್ತಲು ಬಾರದಿದ್ದರೆ ಕಫ ಎಳೆಯಬೇಕು. ಕಫ ಎಳೆಯುವ ಸಣ್ಣ ನಳಿಕೆ, ಅಂದರೆ ಸಕ್ಷನ್ ಕ್ಯಾಥೆಟರೇ ಒಳಗೆ ಇಳಿಯದಿದ್ದರೆ ಟ್ಯೂಬ್ ಕಟ್ಟಿದೆ ಎಂದು ಅರ್ಥ, ಮತ್ತು ಆಗ ವೈದ್ಯರಿಗೆ ಫೋನ್ ಮಾಡುತ್ತಲೋ 108ಕ್ಕೆ ಕಾಯುತ್ತಲೋ ಕೂರದೆ ಆ ಕ್ಷಣವೇ ಟ್ಯೂಬ್ ಬದಲಿಸಬೇಕು. ಫೋನ್ ಮಾಡುವ ಕೆಲಸ ಎರಡನೆಯವರದು. ಟ್ಯೂಬ್ ಹೊರಬಂದಿದ್ದರೂ ಇದೇ ಮಾತು. ಅದೇ ಅಳತೆಯ ಹೊಸ ಟ್ಯೂಬ್ ಹೋಗದಿದ್ದರೆ ಅರ್ಧ ಅಳತೆ ಚಿಕ್ಕದು: ಈಗ 3.5 ಇದ್ದರೆ 3.0. ಅದೂ ಹೋಗದಿದ್ದರೆ ಸಕ್ಷನ್ ಕ್ಯಾಥೆಟರನ್ನು ರಂಧ್ರದೊಳಗೆ ಇಳಿಸಿ ಅದರ ಮೇಲಿನಿಂದ ಟ್ಯೂಬನ್ನು ಜಾರಿಸಬಹುದು. ಯಾವುದೂ ಆಗದಿದ್ದರೆ ಕತ್ತಿನ ರಂಧ್ರವನ್ನು ಬೆರಳಿನಿಂದ ಮುಚ್ಚಿ ಮೂಗುಬಾಯಿಗೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಬೇಕು. ಈ ಕೊನೆಯ ದಾರಿ ನಿಮ್ಮ ಮಗಳಿಗೆ ತೆರೆದಿದೆಯೇ, ಅಂದರೆ ಅವಳ ಗಂಟಲಿನ ಮೇಲ್ಭಾಗದಿಂದ ಗಾಳಿ ಒಳಹೋಗಬಲ್ಲದೇ ಎಂಬುದನ್ನು ಶಸ್ತ್ರಚಿಕಿತ್ಸಕರಿಂದ ಬಿಡುಗಡೆಗೆ ಮುಂಚೆಯೇ ತಿಳಿದುಕೊಂಡಿರಬೇಕು. ಹಾಗೆಯೇ ಯಂತ್ರವನ್ನು ಬಿಟ್ಟು ಅವಳು ಎಷ್ಟು ನಿಮಿಷ ಇರಬಲ್ಲಳು ಎಂದೂ ಕೇಳಿ. ಕ್ಷಣವೂ ಇರಲಾರಳು ಎಂದಾದರೆ ಎರಡನೆಯ ವೆಂಟಿಲೇಟರ್ ಮನೆಯಲ್ಲಿರಬೇಕು.

ಇದಕ್ಕೆ ಬೇಕಾದ ಸಾಮಾನುಗಳೆಲ್ಲ ಒಂದೇ ಚೀಲದಲ್ಲಿರಬೇಕು, ಆ ಚೀಲ ಮಗುವಿನೊಡನೆ ಕೋಣೆಯಿಂದ ಅಂಗಳಕ್ಕೂ ಹೋಗಬೇಕು. ಎರಡು ಅಳತೆಯ ಟ್ಯೂಬ್, ಕತ್ತಿಗೆ ಕಟ್ಟುವ ಪಟ್ಟಿ, ಕತ್ತರಿ, ನೀರಿನಂಶದ ಜೆಲ್ಲಿ, ಆಂಬು ಬ್ಯಾಗ್, ಮಾಸ್ಕ್, ಕ್ಯಾಥೆಟರುಗಳು ಮತ್ತು ಬ್ಯಾಟರಿಯ ಸಕ್ಷನ್ ಯಂತ್ರ. ಕರೆಂಟೂ ಬ್ಯಾಟರಿಯೂ ಕೈಕೊಟ್ಟ ದಿನಕ್ಕೆ ಕಾಲಿನಿಂದ ತುಳಿಯುವ ಸಕ್ಷನ್ ಪಂಪ್ ಒಂದಿದ್ದರೆ ಚಿನ್ನಕ್ಕಿಂತ ಮೇಲು.

ಕಫ ಎಳೆಯುವುದರಲ್ಲಿ ಹೆಚ್ಚಿನವರು ಮಾಡುವ ತಪ್ಪು ಭಯದಿಂದ ಹುಟ್ಟಿದ್ದು: ಗಂಟೆಗೊಮ್ಮೆ ಎಳೆಯುತ್ತಾರೆ, ಆಳಕ್ಕೆ ಇಳಿಸುತ್ತಾರೆ. ಟ್ಯೂಬಿನ ಉದ್ದವನ್ನು ಮೊದಲೇ ಅಳೆದು ಕ್ಯಾಥೆಟರಿನ ಮೇಲೆ ಗುರುತು ಮಾಡಿಕೊಂಡು, ಟ್ಯೂಬಿನ ತುದಿಯವರೆಗೆ ಮಾತ್ರ ಇಳಿಸಬೇಕು. ಅದಕ್ಕಿಂತ ಕೆಳಗೆ ಹೋದರೆ ಶ್ವಾಸನಾಳದ ಒಳಪದರ ಗಾಯಗೊಂಡು ರಕ್ತ ಕಾಣುತ್ತದೆ. 3.5ರ ಟ್ಯೂಬಿಗೆ ಸಾಮಾನ್ಯವಾಗಿ 7 ಅಥವಾ 8 ನಂಬರಿನ ಕ್ಯಾಥೆಟರ್, ಸಕ್ಷನ್ ಯಂತ್ರದ ಒತ್ತಡ 80ರಿಂದ 100 ಎಂಎಂಎಚ್‌ಜಿ (mmHg), ಒಂದು ಸಲಕ್ಕೆ ಐದರಿಂದ ಹತ್ತು ಸೆಕೆಂಡು. ಗೊರಗೊರ ಕೇಳಿಸಿದಾಗ, ಅಂಕಿ ಇಳಿದಾಗ, ಮಗು ಚಡಪಡಿಸಿದಾಗ ಎಳೆದರೆ ಸಾಕು. ಸಲೈನ್ ಹನಿ ಹಾಕಿ ಎಳೆಯುವುದನ್ನು ದಿನನಿತ್ಯದ ಅಭ್ಯಾಸ ಮಾಡಿಕೊಳ್ಳಬೇಡಿ. ಕಫದ ಬಣ್ಣ ಹಳದಿಹಸಿರಿಗೆ ತಿರುಗಿದರೆ, ದಪ್ಪವಾಗಿ ಹೆಚ್ಚಾದರೆ, ಅಥವಾ ಅರ್ಧ ಲೀಟರ್ ಆಮ್ಲಜನಕ ಸಾಲದೆ ಒಂದು ಲೀಟರ್ ಬೇಕಾದರೆ ಜ್ವರ ಬರುವ ತನಕ ಕಾಯದೆ ವೈದ್ಯರನ್ನು ಸಂಪರ್ಕಿಸಬೇಕು.

ಟ್ಯೂಬ್ ಬದಲಿಸುವುದನ್ನು ವೈದ್ಯರು ಹೇಳಿದ ಅವಧಿಗೊಮ್ಮೆ, ಹಾಲು ಕುಡಿಸಿ ಕನಿಷ್ಠ ಎರಡು ಗಂಟೆ ಕಳೆದ ಮೇಲೆ, ಇಬ್ಬರಿದ್ದು ಮಾಡಬೇಕು. ಹೊಸ ಟ್ಯೂಬನ್ನು ಇಳಿಸಿದ ತಕ್ಷಣ ಅದರೊಳಗಿನ ದಾರಿಕಡ್ಡಿಯನ್ನು ಹೊರತೆಗೆಯಬೇಕು, ಅದಿರುವಷ್ಟು ಹೊತ್ತು ಮಗುವಿಗೆ ಉಸಿರಿಲ್ಲ. ಪಟ್ಟಿ ಕಟ್ಟುವಾಗ ಕತ್ತಿನ ಬಳಿ ನಿಮ್ಮ ಒಂದು ಬೆರಳು ಮಾತ್ರ ಹಿಡಿಸುವಷ್ಟು ಬಿಗಿಯಿರಲಿ. ನಮ್ಮಲ್ಲಿ ದೃಷ್ಟಿಗೆಂದು ಕತ್ತಿಗೆ ಕಪ್ಪು ದಾರವನ್ನೋ ತಾಯಿತವನ್ನೋ ಕಟ್ಟುವುದುಂಟು. ಕಟ್ಟಲೇಬೇಕೆಂದಿದ್ದರೆ ಅದನ್ನು ಸೊಂಟದ ಉಡಿದಾರಕ್ಕೆ ಸೇರಿಸಿ, ಕತ್ತಿನಲ್ಲಿ ಟ್ಯೂಬಿನ ಪಟ್ಟಿಯ ಹೊರತು ಬೇರೇನೂ ಇರಬಾರದು.

ಈಗ ವಿದ್ಯುತ್ತಿನ ಲೆಕ್ಕ. ಇದನ್ನು ಯಂತ್ರ ಮಾರುವವರು ಹೇಳುವುದಿಲ್ಲ, ಆಸ್ಪತ್ರೆಯವರಿಗೆ ತೋಟದ ಮನೆಯ ಪರಿಸ್ಥಿತಿ ಗೊತ್ತಿರುವುದಿಲ್ಲ, ಹೀಗಾಗಿ ವಿವರವಾಗಿ ಬರೆಯುತ್ತೇನೆ. ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟಿನ 150 ಆಂಪಿಯರ್-ಗಂಟೆಯ ಇನ್ವರ್ಟರ್ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ 1800 ವ್ಯಾಟ್-ಗಂಟೆ ಇರುತ್ತದೆ, ಆದರೆ ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ 1000ಕ್ಕಿಂತ ಹೆಚ್ಚು ನಂಬುವುದು ಅಪಾಯ. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಐದು ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಒಂದೇ 300ರಿಂದ 350 ವ್ಯಾಟ್ ತಿನ್ನುತ್ತದೆ. ಅಂದರೆ ಮೂರು ಗಂಟೆಯಲ್ಲಿ ಇನ್ವರ್ಟರ್ ಮುಗಿಯಿತು. ಅದೇ ಬ್ಯಾಟರಿಗೆ ವೆಂಟಿಲೇಟರ್ ಮತ್ತು ಆಗಾಗ ಓಡುವ ಸಕ್ಷನ್ ಮಾತ್ರ ಜೋಡಿಸಿದರೆ, ಅವೆರಡೂ ಸೇರಿ ಸರಾಸರಿ 100 ವ್ಯಾಟಿನೊಳಗಿದ್ದರೆ, ಸುಮಾರು ಹತ್ತು ಗಂಟೆ ಸಿಗುತ್ತದೆ. ನಿಮ್ಮ ಯಂತ್ರ ಎಷ್ಟು ವ್ಯಾಟ್ ಎಂಬುದು ಅದರ ಹಿಂಬದಿಯಲ್ಲಿಯೇ ಬರೆದಿರುತ್ತದೆ, ನೋಡಿಕೊಳ್ಳಿ. ಆದ್ದರಿಂದ ಕರೆಂಟ್ ಹೋದ ಕೂಡಲೇ ಮಾಡಬೇಕಾದ ಮೊದಲ ಕೆಲಸವೆಂದರೆ ಕಾನ್ಸಂಟ್ರೇಟರನ್ನು ಆರಿಸಿ ಸಿಲಿಂಡರಿಗೆ ಬದಲಾಯಿಸುವುದು. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ ಅರ್ಧ ಲೀಟರಿನಂತೆ ಅದು 50 ಗಂಟೆ, ಒಂದು ಲೀಟರಿನಂತೆ 25 ಗಂಟೆ ಬರುತ್ತದೆ. ಎರಡು ಸಿಲಿಂಡರ್ ಇದ್ದರೆ ನಿಮ್ಮ ಎರಡು ಮೂರು ದಿನದ ಕತ್ತಲೆಯನ್ನು ದಾಟಬಹುದು. ಸಿಲಿಂಡರುಗಳನ್ನು ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿ, ಒಲೆಯಿಂದ ಮತ್ತು ದೇವರ ದೀಪದಿಂದ ಬಹು ದೂರವಿರಲಿ, ಎಣ್ಣೆ ಹಚ್ಚಿದ ಕೈಯಿಂದ ರೆಗ್ಯುಲೇಟರ್ ಮುಟ್ಟಬೇಡಿ.

ಉಸಿರಿನ ಗಾಳಿಯನ್ನು ಬೆಚ್ಚಗೆ ತೇವವಾಗಿಡುವ ಹ್ಯುಮಿಡಿಫೈಯರ್ ಕೂಡ ಹೀಟರೇ ಆದ್ದರಿಂದ ವಿದ್ಯುತ್ ಹೆಚ್ಚು ಎಳೆಯುತ್ತದೆ. ಕರೆಂಟಿಲ್ಲದ ಹೊತ್ತಿಗೆ ಟ್ಯೂಬಿನ ಬಾಯಿಗೆ ಸಿಕ್ಕಿಸುವ ಚಿಕ್ಕ ತೇವಾಂಶದ ಫಿಲ್ಟರ್ ಬಳಸಬಹುದೇ, ನಿಮ್ಮ ಮಗುವಿನ ತೂಕಕ್ಕೆ ಯಾವ ಅಳತೆಯದು ಎಂದು ಕೇಳಿಕೊಳ್ಳಿ. ಆ ಫಿಲ್ಟರನ್ನೂ ಬಿಸಿ ಹ್ಯುಮಿಡಿಫೈಯರನ್ನೂ ಎಂದಿಗೂ ಒಟ್ಟಿಗೆ ಹಾಕಬಾರದು, ನೀರು ಕುಡಿದ ಫಿಲ್ಟರ್ ಉಸಿರನ್ನೇ ಕಟ್ಟುತ್ತದೆ. ಇನ್ವರ್ಟರ್ ಶುದ್ಧ ಸೈನ್ ವೇವ್‌ನದ್ದಾಗಿರಬೇಕು. ಬ್ಯಾಟರಿ ತುಂಬಿಸಲು ಜನರೇಟರ್ ಬೇಕೇ ಬೇಕು, ಆದರೆ ಮಳೆಗೆ ನೆನೆಯುತ್ತದೆಂದು ಅದನ್ನು ಜಗಲಿಯಲ್ಲಿಯೋ ಬಚ್ಚಲಲ್ಲಿಯೋ ಓಡಿಸಿದರೆ ಅದರ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ಮಗುವನ್ನಷ್ಟೇ ಅಲ್ಲ, ನಿಮ್ಮನ್ನೂ ಕೊಲ್ಲಬಲ್ಲದು. ಮನೆಯಿಂದ ದೂರದಲ್ಲಿ ಪ್ರತ್ಯೇಕ ಮಾಡು ಹಾಕಿಸಿ. ವಿದ್ಯುತ್ ಕಂಪನಿ ಚೆಸ್ಕಾಂನ ನಿಮ್ಮ ಶಾಖಾ ಕಚೇರಿಗೆ ವೈದ್ಯರ ಪತ್ರದೊಂದಿಗೆ ಅರ್ಜಿ ಕೊಟ್ಟು, ನಿಮ್ಮ ಮನೆಯಲ್ಲಿ ಉಸಿರಿನ ಯಂತ್ರವಿದೆಯೆಂದು ದಾಖಲಿಸಿ, ಲೈನ್‌ಮನ್‌ಗಳಿಗೂ ತಿಳಿಸಿಡಿ. ಕಂಬ ಬಿದ್ದ ದಿನ ಅವರಾದರೂ ಏನು ಮಾಡಿಯಾರು, ಆದರೂ ಯಾವ ಲೈನ್ ಮೊದಲು ಎಂಬ ಪ್ರಶ್ನೆ ಬಂದಾಗ ಆ ಕಾಗದ ಕೆಲಸಕ್ಕೆ ಬರುತ್ತದೆ.

ಚಳಿಗೂ ಒಂದು ಲೆಕ್ಕವಿದೆ. ಕೋಣೆ ತಣ್ಣಗಿದ್ದಷ್ಟೂ ಬಿಸಿ ಗಾಳಿಯ ತೇವ ಕೊಳವೆಯಲ್ಲಿ ನೀರಾಗಿ ನಿಲ್ಲುತ್ತದೆ. ಆ ನೀರು ಮಗುವಿನ ಕಡೆಗೆ ಹರಿದರೆ ಮುಳುಗಿದಂತೆಯೇ ಕೆಮ್ಮು ಬರುತ್ತದೆ, ಅತ್ತ ಒತ್ತಡ ಹೆಚ್ಚಾಯಿತೆಂದು ಅಲಾರಂ ಹೊಡೆಯುತ್ತದೆ. ಯಂತ್ರವೂ ಕೊಳವೆಗಳೂ ಸದಾ ಮಗುವಿಗಿಂತ ಕೆಳಗಿರಲಿ, ನಿಂತ ನೀರನ್ನು ಮಗುವಿನಿಂದ ಆಚೆಗೆ ಚೆಲ್ಲಿ. ಹ್ಯುಮಿಡಿಫೈಯರಿಗೆ ಹಾಕುವುದು ಡಿಸ್ಟಿಲ್ಡ್ ನೀರೇ ಆಗಿರಲಿ, ಬಾವಿ ನೀರು ಬೇಡ.

ಹೊಗೆಯ ವಿಷಯದಲ್ಲಿ ಅತ್ತೆಯವರೊಡನೆ ಮೊದಲೇ ಮಾತಾಡಿ. ಎಣ್ಣೆ ಹಚ್ಚಿ ನೀರೆರೆದು ಸಾಂಬ್ರಾಣಿ ಹೊಗೆ ಕೊಡುವುದು ನಮ್ಮ ಮನೆಗಳಲ್ಲಿ ಪ್ರೀತಿಯ ಕೆಲಸ. ಈ ಮಗುವಿನ ಮೂಗು ಗಾಳಿ ಸೋಸುವುದಿಲ್ಲ, ಕೋಣೆಯಲ್ಲಿರುವುದೆಲ್ಲ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗಾಗಿ ಸಾಂಬ್ರಾಣಿ, ಸೊಳ್ಳೆ ಬತ್ತಿ, ಊದುಬತ್ತಿ, ಪೌಡರ್ ಇವು ಯಾವುವೂ ಬೇಡ. ಎಣ್ಣೆ ಹಚ್ಚಬಹುದು, ಕೈಕಾಲು ತಿಕ್ಕಬಹುದು, ಅದು ಅವಳಿಗೆ ಒಳ್ಳೆಯದೇ. ತಲೆಯ ಮೇಲಿನಿಂದ ನೀರು ಸುರಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಕತ್ತಿನ ಕೆಳಗೆ ಮಾತ್ರ ನೀರು ಬಿಡಿ. ಮಗುವಿನ ಕೋಣೆ ಸೌದೆ ಒಲೆಯಿಂದಲೂ ಬಚ್ಚಲೊಲೆಯಿಂದಲೂ ದೂರವಿರಬೇಕು. ಮಳೆಗಾಲದಲ್ಲಿ ಬಟ್ಟೆಗಳನ್ನು ಆ ಕೋಣೆಯಲ್ಲಿ ಒಣಗಹಾಕಿದರೆ ಗೋಡೆ ಬೂಷ್ಟು ಹಿಡಿಯುತ್ತದೆ. ನೂಲು ಉದುರುವ ಕಂಬಳಿಗೆ ಬದಲಾಗಿ ಹತ್ತಿಯ ಹೊದಿಕೆ ಹೊದಿಸಿ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ, ಮೆಣಸು ಬಡಿಯುವ ದಿನ ಕಿಟಕಿ ಮುಚ್ಚಿರಲಿ.

ಲಸಿಕೆಗಳು ಹುಟ್ಟಿದ ದಿನಾಂಕದ ಲೆಕ್ಕದಲ್ಲಿಯೇ ನಡೆಯಲಿ. ಅದರ ಜೊತೆಗೆ ಫ್ಲೂ ಲಸಿಕೆಯನ್ನು ಮಗುವಿಗೂ ಮನೆಯ ಎಲ್ಲರಿಗೂ ವರ್ಷಕ್ಕೊಮ್ಮೆ ಹಾಕಿಸಿ. ನೆಗಡಿಯಿರುವ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸುವ ನಿಷ್ಠುರತೆಯನ್ನು ಯಾರಾದರೊಬ್ಬರು ವಹಿಸಿಕೊಳ್ಳಬೇಕು. ಅದಕ್ಕೆ ಅತ್ತೆಯವರೇ ಸೂಕ್ತ.

ಇಷ್ಟೆಲ್ಲ ಇದ್ದೂ ಮೇ ತಿಂಗಳಲ್ಲಿ ಏಕೆ ಬೇಡ ಎಂದೆ? ಮಡಿಕೇರಿಯ ಸುತ್ತ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ರಸ್ತೆಗಳೇ ಇಲ್ಲವಾದದ್ದನ್ನು ನಿಮಗೆ ನೆನಪಿಸಬೇಕಾಗಿಲ್ಲ. ಅಷ್ಟು ದೊಡ್ಡ ಅನಾಹುತವಾಗದಿದ್ದರೂ ಒಂದು ಮರ ಬಿದ್ದರೆ ಸಾಕು, ನಿಮ್ಮ ಮೂರು ಕಿಲೋಮೀಟರ್ ಮುಚ್ಚುತ್ತದೆ; ಕರೆಂಟ್ ಹೋದ ಕೆಲವು ಗಂಟೆಗಳಲ್ಲಿ ಮೊಬೈಲ್ ಟವರೂ ಸತ್ತು 108ಕ್ಕೆ ಕರೆ ಹೋಗುವುದಿಲ್ಲ. ಆರೈಕೆ ಕಲಿತು ಕೈ ಪಳಗುವ ಮೊದಲ ನಾಲ್ಕು ತಿಂಗಳು ಇಂಥ ಜಾಗದಲ್ಲಿ ಕಳೆಯಬಾರದು ಎಂಬುದಷ್ಟೇ ನನ್ನ ಮಾತು. ಅಲ್ಲದೆ ಮಡಿಕೇರಿಯ ಎತ್ತರ ಮೈಸೂರಿಗಿಂತ ಸುಮಾರು 400 ಮೀಟರ್ ಹೆಚ್ಚು, ಆದ್ದರಿಂದ ಮೈಸೂರಿನಲ್ಲಿ ಸಾಕಾದ ಅರ್ಧ ಲೀಟರ್ ಆಮ್ಲಜನಕ ಬೆಟ್ಟದ ಮೇಲೆ ಸ್ವಲ್ಪ ಸಾಲದೆ ಹೋಗಬಹುದು. ಅದನ್ನು ಹಂತಹಂತವಾಗಿ ನೋಡುವುದು ಒಳ್ಳೆಯದು.

ಮೈಸೂರಿನಲ್ಲಿಯೇ ಬಾಡಿಗೆ ಮನೆ ಸಿಕ್ಕರೆ ಉತ್ತಮ. ಅದು ಹೊರೆಯಾದರೆ ಕುಶಾಲನಗರ ನೋಡಿ. ಮಳೆ ಕಡಿಮೆ, ನೆಲ ಸಮತಟ್ಟು, ಮೈಸೂರಿನ ಹೆದ್ದಾರಿಯಲ್ಲಿಯೇ ಇದೆ, ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಮುಕ್ಕಾಲು ಗಂಟೆಯ ದಾರಿ. ಆದರೆ ಕಾವೇರಿ ದಂಡೆಯ ತಗ್ಗು ಬಡಾವಣೆಗಳಲ್ಲಿ ಮನೆ ಹಿಡಿಯಬೇಡಿ, ಹೊಳೆ ತುಂಬಿದಾಗ ಅಲ್ಲಿಗೆ ನೀರು ನುಗ್ಗಿದ್ದುಂಟು. ಎಲ್ಲಿದ್ದರೂ ಕಾರಿನಲ್ಲಿ ಮಗುವಿನೊಡನೆ ಒಬ್ಬರೇ ಹೋಗಬಾರದು. ಓಡಿಸುವವರು ಒಬ್ಬರು, ಹಿಂದೆ ಆಂಬು ಬ್ಯಾಗ್ ಹಿಡಿದವರು ಇನ್ನೊಬ್ಬರು.

ಅವಳ ಮುಂದಿನ ದಿನಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಶ್ವಾಸಕೋಶ ಬೆಳೆಯುತ್ತಲೇ ಇರುತ್ತದೆ, ಇಂಥ ಅನೇಕ ಮಕ್ಕಳು ಎರಡು ಮೂರು ವರ್ಷದ ಹೊತ್ತಿಗೆ ವೆಂಟಿಲೇಟರನ್ನು ಬಿಡುತ್ತಾರೆ, ಆಮೇಲೆ ಟ್ಯೂಬೂ ಹೋಗುತ್ತದೆ. ತೂಕ ಏರುವುದೇ ಅದಕ್ಕೆ ಮುಖ್ಯ ದಾರಿ. ಚೆನ್ನಾಗಿದ್ದಾಳೆ ಎಂದು ನೀವಾಗಿ ಯಂತ್ರದ ಒತ್ತಡ ಇಳಿಸಬೇಡಿ, ಉಸಿರಾಟಕ್ಕೆ ಶಕ್ತಿ ಖರ್ಚಾದಷ್ಟೂ ಬೆಳವಣಿಗೆ ಹಿಂದೆ ಬೀಳುತ್ತದೆ.

ಬಿಡುಗಡೆಗೆ ಮುಂಚೆ ಆಸ್ಪತ್ರೆಯಲ್ಲಿಯೇ ಎರಡು ದಿನ ನೀವೂ ನಿಮ್ಮ ಯಜಮಾನರೂ ದಾದಿಯರ ಕೈ ಸೋಕದಂತೆ ಎಲ್ಲ ಆರೈಕೆಯನ್ನೂ ಮಾಡಿ ತೋರಿಸಲು ಅವಕಾಶ ಕೇಳಿ. ಕೊಡದಿದ್ದರೆ ಬಿಡುಗಡೆಯನ್ನೇ ಮುಂದೂಡಿ. ಅಕ್ಟೋಬರ್ ಕೊನೆಗೆ ಮಳೆ ನಿಂತು ರಸ್ತೆ ಒಣಗಿದ ಮೇಲೆ ತೋಟದ ಮನೆಗೆ ಮೊದಲು ಎರಡು ರಾತ್ರಿಯ ಮಟ್ಟಿಗೆ ಹೋಗಿ. ಮೊದಲ ದಿನ ಹಗಲಿನಲ್ಲಿ, ಮನೆಯವರೆಲ್ಲ ಎಚ್ಚರವಾಗಿರುವಾಗ, ಬೇಕೆಂದೇ ಮೇನ್ ಸ್ವಿಚ್ ಆರಿಸಿ ಆರು ಗಂಟೆ ಹಾಗೆಯೇ ಬಿಟ್ಟು, ಇನ್ವರ್ಟರ್ ಎಷ್ಟು ಹೊತ್ತು ಬಂತು, ಸಿಲಿಂಡರಿನ ಮುಳ್ಳು ಎಷ್ಟು ಇಳಿಯಿತು ಎಂದು ಬರೆದಿಡಿ. ಆ ಚೀಟಿಯನ್ನು ತೆಗೆದುಕೊಂಡು ಹೋಗಿ ನಿಮ್ಮ ವೈದ್ಯರ ಮುಂದಿಟ್ಟು, ಸುಗ್ಗಿಯ ಹುತ್ತರಿ ಹಬ್ಬದ ಹೊತ್ತಿಗೆ ಅವಳು ಮನೆಗೆ ಬಂದು ನೆಲೆಸಬಹುದೇ ಎಂದು ಕೇಳಿ.